ರಾಣಿಯ ಉದ್ದ ತೋಳಿನ ರವಿಕೆ

ಓದುಗರ ಪತ್ರ

ನನಗೆ 48 ವರ್ಷ. ಬನಶಂಕರಿಯಲ್ಲಿ ಎರಡು ರೂಮಿನ ಫ್ಲಾಟು. ಗಂಡ, ಅತ್ತೆ, ಪಿಯುಸಿ ಓದುವ ಮಗಳು, ನಾನು. ಅಮ್ಮ ಈ ಫೆಬ್ರವರಿಯಲ್ಲಿ ತೀರಿಕೊಂಡರು. ತ್ಯಾಗರಾಜನಗರದ ನಮ್ಮ ಹಳೇ ಮನೆಯನ್ನು ಅಣ್ಣ ಬಿಲ್ಡರ್‌ಗೆ ಕೊಟ್ಟಿದ್ದಾನೆ. ಇನ್ನು ಇಪ್ಪತ್ತು ದಿನದಲ್ಲಿ ಖಾಲಿ ಮಾಡಬೇಕು. ಅಮ್ಮನ ದಸರಾ ಗೊಂಬೆಗಳು ಮೂರು ಟ್ರಂಕು ಇವೆ. ರಾಜ-ರಾಣಿಯ ಪಟ್ಟದ ಗೊಂಬೆ, ಮಣ್ಣಿನ ದಶಾವತಾರ, ಅಂಗಡಿ ಇಟ್ಟು ಕೂತ ಶೆಟ್ಟರು-ಶೆಟ್ಟಮ್ಮ, ಚನ್ನಪಟ್ಟಣದ ಆಟಿಕೆ, ಎಲ್ಲ. "ನಿನಗೆ ಬೇಕಾದ್ದು ತಗೊಂಡು ಹೋಗು, ಉಳಿದದ್ದು ಗುಜರಿಗೆ" ಎಂದ ಅಣ್ಣ. ಅತ್ತಿಗೆ ಧಾರವಾಡದ ಕಡೆಯವರು. ಅವರಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಅವರಿಗೆ ಇದರ ಬೆಲೆ ಗೊತ್ತಿಲ್ಲ. ವಿಜಯದಶಮಿಗೆ ಬನ್ನಿ ತಂದುಕೊಡುವುದಷ್ಟೇ ಅವರ ಹಬ್ಬ. ಅಮ್ಮ ಪಾಪ, ಆ ಎಲೆಗಳನ್ನೂ ಶೆಟ್ಟರ ಅಂಗಡಿಯಲ್ಲಿ ಒಂದು ತಟ್ಟೆಗೆ ಹಾಕಿ ಇಡುತ್ತಿದ್ದರು.

ನಾನೇ ಕೂರಿಸೋಣ ಎಂದರೆ ನಮ್ಮತ್ತೆ ಬೇಡ ಎನ್ನುತ್ತಾರೆ. ಇವರ ಮನೆಯಲ್ಲೂ ಪದ್ಧತಿ ಇಲ್ಲ. ಅದಕ್ಕೇ ನನ್ನ ಮದುವೆಯಲ್ಲಿ ಪಟ್ಟದ ಗೊಂಬೆ ಕೊಡಲಿಲ್ಲ. "ಒಂದು ಸಲ ಕೂರಿಸಿದರೆ ಬಿಡೋ ಹಾಗಿಲ್ಲ, ಬಿಟ್ಟರೆ ಮನೆಗೆ ಒಳ್ಳೇದಲ್ಲ" ಎನ್ನುತ್ತಾರೆ. ಮೇಲಾಗಿ ಪಟ್ಟದ ರಾಣಿಯ ಕೈ ಮುರಿದಿದೆ. ನನಗೆ ಒಂಬತ್ತು ವರ್ಷವಿದ್ದಾಗ ನಾನೇ ಬೀಳಿಸಿದ್ದು. ಅಮ್ಮ ಬೈಯಲಿಲ್ಲ. ಅಲ್ಲಿಂದ ಪ್ರತಿ ವರ್ಷ ರಾಣಿಗೆ ಉದ್ದ ತೋಳಿನ ರವಿಕೆ ಹೊಲಿಯುತ್ತಿದ್ದರು. ಭಿನ್ನವಾದದ್ದು ಮನೆಗೆ ತರಬಾರದು, ನೀರಿಗೆ ಬಿಡು ಎನ್ನುತ್ತಾರೆ ಅತ್ತೆ. ಮಗಳಂತೂ "ಅಮ್ಮಾ, ಜಾಗ ಎಲ್ಲಿದೆ?" ಎನ್ನುತ್ತಾಳೆ. ತಂದರೂ ತಪ್ಪು, ಬಿಟ್ಟರೂ ತಪ್ಪು. ರಾತ್ರಿ ನಿದ್ದೆ ಬರುತ್ತಿಲ್ಲ.

– ಹೆಸರು ಬೇಡ

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಗೊಂಬೆ ಕಂಡವು. ಎರಡನೇ ಸಲ ಆ ರವಿಕೆ ಕಂಡಿತು.

ಒಂಬತ್ತು ವರ್ಷದ ಹುಡುಗಿ ಗೊಂಬೆ ಬೀಳಿಸುತ್ತಾಳೆ. ಅಮ್ಮ ಆ ರಾಣಿಯನ್ನು ಬದಲಾಯಿಸಬಹುದಿತ್ತು. ಮೂಲೆಗೆ ಹಾಕಬಹುದಿತ್ತು. ಹಬ್ಬಕ್ಕೆ ಬಂದವರ ಮುಂದೆ "ಇವಳೇ ಮುರಿದದ್ದು" ಎಂದು ವರ್ಷವರ್ಷ ನಗಬಹುದಿತ್ತು. ಎಷ್ಟೋ ಮನೆಗಳಲ್ಲಿ ಹಾಗೇ ಆಗುತ್ತದೆ. ಮಕ್ಕಳ ಒಂದು ತಪ್ಪು ಅವರ ಮದುವೆಯವರೆಗೂ ಅಡುಗೆಮನೆಯಲ್ಲಿ ಹರಟೆಗೆ ಸಿಗುತ್ತದೆ. ನಿಮ್ಮಮ್ಮ ತೋಳು ಉದ್ದ ಮಾಡಿ ಮುಚ್ಚಿಬಿಟ್ಟರು. ಅದೂ ಒಂದು ಸಲ ಅಲ್ಲ, ಸುಮಾರು ನಲವತ್ತು ದಸರಾ. ಗೇಣುದ್ದದ ಗೊಂಬೆಗೆ ರವಿಕೆ ಹೊಲಿಯುವುದು ಸುಲಭದ ಕೆಲಸವಲ್ಲ. ನಾನು ಹೊಲಿದು ನೋಡಿದ್ದೇನೆ, ಕಣ್ಣು ಹೋಗುತ್ತದೆ. ತೋಳಿಲ್ಲದೆ ಬರೀ ಜರಿ ಬಟ್ಟೆ ಸುತ್ತಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಅವರು ತೋಳು ಹೊಲಿದರು. ನಿಮಗಾಗಿ.

ಈಗ ಹೇಳಿ, ಆ ರಾಣಿಯನ್ನು ನೀರಿಗೆ ಬಿಡುತ್ತೀರಾ?

ಭಿನ್ನ ಎನ್ನುವ ಮಾತನ್ನು ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಥವಿದೆ. ಪೂಜೆಗೆ ಇಡುವ ವಿಗ್ರಹ ಭಿನ್ನವಾಗಬಾರದು ಎಂದು ಹಿರಿಯರು ಹೇಳುತ್ತಾರೆ. ಆದರೆ ಪಟ್ಟದ ಗೊಂಬೆ ವಿಗ್ರಹವಲ್ಲ. ಅದು ರಾಜ-ರಾಣಿ, ಗಂಡ-ಹೆಂಡತಿ. ನವರಾತ್ರಿಯಲ್ಲಿ ಕಲಶ ಇಟ್ಟು ದೇವಿಯನ್ನು ಕರೆದರೆ ಪೂಜೆ ಆ ಕಲಶಕ್ಕೆ. ಗೊಂಬೆಗೆ ಆರತಿ ಎತ್ತುತ್ತೇವೆ ನಿಜ, ಹಾಗೆ ನೋಡಿದರೆ ಮಕ್ಕಳಿಗೂ ಎತ್ತುತ್ತೇವೆ ಅಲ್ವಾ? ಅತ್ತೆಗೆ ಇಷ್ಟನ್ನು ಮೆತ್ತಗೆ ಹೇಳಿ. ವಾದಕ್ಕೆ ಇಳಿಯಬೇಡಿ. ಕೆರೆಗೆ ಬಿಡುವ ಮಾತಂತೂ ಬೇಡವೇ ಬೇಡ. ನಮ್ಮ ಕೆರೆಗಳು ಈಗಾಗಲೇ ಸಾಕಷ್ಟು ನುಂಗಿವೆ.

"ಒಂದು ಸಲ ಕೂರಿಸಿದರೆ ಬಿಡೋ ಹಾಗಿಲ್ಲ" ಎನ್ನುವುದು ನಾನೂ ಚಿಕ್ಕಂದಿನಿಂದ ಕೇಳಿದ ಮಾತು. ಅದನ್ನು ಹೇಳುವವರ ಮನೆಯಲ್ಲೇ ಬಿಟ್ಟ ವರ್ಷಗಳಿರುತ್ತವೆ. ನಿಮ್ಮ ತಂದೆ ತೀರಿಕೊಂಡ ವರ್ಷ ಅಮ್ಮ ಟ್ರಂಕು ತೆಗೆದಿರಲಿಕ್ಕಿಲ್ಲ, ನೆನಪು ಮಾಡಿಕೊಳ್ಳಿ. ಈ ವರ್ಷವೂ ಅಣ್ಣನ ಮನೆಯಲ್ಲಿ ವರ್ಷಾಂತಿಕದ ತನಕ ಹಬ್ಬವಿಲ್ಲ. ಸಾವು ಬಂದರೆ ಬಿಡುತ್ತೇವೆ, ಹೆರಿಗೆ ಬಂದರೆ ಬಿಡುತ್ತೇವೆ. ಆಗ ಯಾರೂ ಕೇಡು ಎನ್ನುವುದಿಲ್ಲ. ಮುಂದೆ ನಿಮಗೂ ಒಂದು ವರ್ಷ ಆಗದೇ ಹೋಗಬಹುದು. ಮಗಳ ಪರೀಕ್ಷೆ, ನಿಮ್ಮ ಮಂಡಿ ನೋವು, ಏನೋ ಒಂದು. ಹೋಗಲಿ ಬಿಡಿ.

ನಿಮ್ಮ ಪತ್ರದಲ್ಲಿ ನನಗೆ ಸ್ವಲ್ಪ ವಿಚಿತ್ರ ಅನಿಸಿದ ಮಾತು ಇನ್ನೊಂದು. ಗೊಂಬೆ ಅಮ್ಮನ ಮನೆಯದು, ತಂದರೆ ಏನೋ ಕಸಿದುಕೊಂಡು ಬಂದ ಹಾಗೆ, ಎನ್ನುವ ಧಾಟಿಯಲ್ಲಿ ಬರೆದಿದ್ದೀರಿ. ಪಟ್ಟದ ಗೊಂಬೆ ಹುಟ್ಟಿದ್ದೇ ತವರಿನಿಂದ ಹೊರಗೆ ಹೋಗಲಿಕ್ಕೆ. ಮಗಳ ಮದುವೆಯಲ್ಲಿ ತಾಯಿ-ತಂದೆ ಕೊಟ್ಟು ಕಳಿಸುವುದು ಅದು. ತಿರುಪತಿ ಕಡೆಯ ರಕ್ತಚಂದನದ ಮರದಲ್ಲಿ ಕೆತ್ತಿದ ಜೋಡಿ ಮಗಳ ಮಡಿಲಲ್ಲಿ ಗಂಡನ ಮನೆ ಸೇರುತ್ತದೆ. ನಿಮ್ಮಮ್ಮನದೂ ಹಾಗೇ ಬಂದಿರಬೇಕು, ನಿಮ್ಮ ಅಜ್ಜಿಯ ಕೈಯಿಂದ. ತ್ಯಾಗರಾಜನಗರದ ಮನೆಗೆ ಅದು ಹೊರಗಿನಿಂದ ಬಂದ ವಸ್ತುವೇ. ನಿಮಗೆ ಮದುವೆಯಲ್ಲಿ ಸಿಗಬೇಕಾದದ್ದು ಸ್ವಲ್ಪ ತಡವಾಗಿ ಸಿಗುತ್ತಿದೆ, ಅಷ್ಟೇ.

ಈಗ ನಿಮಗೆ ಇಷ್ಟವಾಗದ ಮಾತು. ಅತ್ತಿಗೆಗೆ ಬೆಲೆ ಗೊತ್ತಿಲ್ಲ ಎಂದಿರಿ. ಮರುಕ್ಷಣವೇ ಬನ್ನಿ ಎಲೆಯ ವಿಷಯ ಬರೆದಿರಿ. ಉತ್ತರ ಕರ್ನಾಟಕದಲ್ಲಿ ದಸರಾ ಎಂದರೆ ಬನ್ನಿಯೇ. ಸಂಜೆ ಮನೆಮನೆಗೆ ಹೋಗಿ ಹಿರಿಯರ ಕೈಗೆ ಎಲೆ ಇಟ್ಟು, ಕಾಲಿಗೆ ನಮಸ್ಕಾರ ಮಾಡಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುತ್ತಾರೆ. ಆ ಹೆಣ್ಣುಮಗಳು ತನ್ನ ತವರಿನ ಹಬ್ಬವನ್ನು ಅತ್ತೆಯ ಕೈಗೆ ಇಟ್ಟಳು. ನಿಮ್ಮಮ್ಮ ಅದನ್ನು ಗೊಂಬೆಗಳ ನಡುವೆ ಇಟ್ಟರು. ಅದೂ ಎಲ್ಲಿ? ಶೆಟ್ಟರ ಅಂಗಡಿಯಲ್ಲಿ! ಅಕ್ಕಿ, ಬೇಳೆ, ಬೆಲ್ಲ, ಅಡಿಕೆಯ ಪಕ್ಕ ಬಂಗಾರವೂ ಮಾರಾಟಕ್ಕಿದೆ ಎನ್ನುವ ಹಾಗೆ. ಇದಕ್ಕೆ "ಪಾಪ" ಎಂದಿದ್ದೀರಿ ನೀವು. ನನಗೇನೋ ಅವರು ಖುಷಿಯಿಂದಲೇ ಇಟ್ಟ ಹಾಗೆ ಕಾಣುತ್ತದೆ.

ಹಾಗಾಗಿ ಶೆಟ್ಟರು-ಶೆಟ್ಟಮ್ಮನನ್ನು ಅತ್ತಿಗೆಗೆ ಕೊಡಿ. ಸುಮ್ನೆ ಕೊಟ್ಟು ಬರಬೇಡಿ, "ಇದು ನಿಮ್ಮ ಬನ್ನಿಯ ಅಂಗಡಿ, ನಿಮ್ಮ ಹತ್ತಿರವೇ ಇರಲಿ ಅತ್ತಿಗೆ" ಎಂದು ಹೇಳಿ ಕೊಡಿ. ಅವರು ಬೇಡ ಎಂದರೆ ವಾಪಸು ತನ್ನಿ. ಬೇಡ ಎನ್ನಲಾರರು ಅನಿಸುತ್ತದೆ. ಅಮ್ಮನ ಕೊನೆಗಾಲದಲ್ಲಿ ಜೊತೆಗಿದ್ದವರು ಅವರೇ ತಾನೇ? ಅವರಿಗೂ ಒಂದು ನೆನಪು ಬೇಕಿರುತ್ತದೆ. ಕೇಳಲಿಕ್ಕೆ ಸಂಕೋಚ. ಗೊಂಬೆ ನಾದಿನಿಯದು ಎಂದು ಮೊದಲೇ ಎಲ್ಲರೂ ತೀರ್ಮಾನ ಮಾಡಿದ್ದೀರಲ್ಲ.

ಜಾಗದ ವಿಷಯಕ್ಕೆ ಬರೋಣ. ಮೂರು ಟ್ರಂಕು ನಿಮ್ಮ ಫ್ಲಾಟಿಗೆ ಬರಬಾರದು. ಮಗಳು ಹೇಳಿದ್ದು ಸರಿ.

ನನ್ನದೇ ಕಥೆ ಕೇಳಿ. ನಮ್ಮಮ್ಮ ಹೋದಾಗ ನಾನು ಏನನ್ನೂ ಬಿಡಲಿಲ್ಲ. ಹಂಡೆ, ಒರಳು, ಗೊಂಬೆ, ಬೆತ್ತದ ಬುಟ್ಟಿ, ಹಳೇ ಪಂಚಾಂಗ ಕೂಡ. ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆ. ಮಣ್ಣಿನ ಗೊಂಬೆಗಳನ್ನು ಧೂಳು ಕೂರಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿದೆ. ಆರೇಳು ವರ್ಷ ಆ ಕಡೆ ತಿರುಗಿ ನೋಡಲಿಲ್ಲ. ಒಂದು ಮಳೆಗಾಲ ತಾರಸಿ ಸೋರಿತು. ಇಳಿಸಿ ಬಿಚ್ಚಿದರೆ ಕೃಷ್ಣನ ಮುಖದ ಬಣ್ಣವೆಲ್ಲ ಕವರಿಗೆ ಅಂಟಿಕೊಂಡು ಬಂತು. ಕೊಳಲು ಕೈಯಲ್ಲಿತ್ತು, ಮುಖ ಇರಲಿಲ್ಲ. ಎಲ್ಲವನ್ನೂ ಉಳಿಸಲಿಕ್ಕೆ ಹೋಗಿ ಒಂದನ್ನೂ ನೋಡಿಕೊಳ್ಳಲಿಲ್ಲ ನಾನು. ಆ ಹಂಡೆ ಮಾತ್ರ ಇನ್ನೂ ಬಾಲ್ಕನಿಯಲ್ಲಿದೆ, ಅದರಲ್ಲಿ ದೊಡ್ಡಪತ್ರೆ ಬೆಳೆಸಿದ್ದೇನೆ.

ನೀವು ಒಂದು ಟ್ರಂಕು ತನ್ನಿ. ಅದೂ ಚಿಕ್ಕದು. ಪಟ್ಟದ ಜೋಡಿ ಬರಲೇಬೇಕು. ಉಳಿದದ್ದರಲ್ಲಿ ಕೈಗೆತ್ತಿಕೊಂಡ ಕೂಡಲೇ ಯಾವುದು ಯಾರು ತಂದದ್ದು, ಯಾವ ವರ್ಷ ಬಂದದ್ದು ಎಂದು ಬಾಯಿಗೆ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ಏನೂ ನೆನಪಾಗದಿದ್ದರೆ ಅದು ಬೇರೆ ಮನೆಗೆ ಹೋಗಲಿ. ಚೆಂದ ಇದೆ ಎನ್ನುವ ಕಾರಣಕ್ಕೆ ತರಬೇಡಿ. ಚೆಂದದ ಗೊಂಬೆ ನವರಾತ್ರಿ ಬಂದರೆ ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದಲ್ಲೂ ಸಿಗುತ್ತವೆ. ದಶಾವತಾರದ ಸೆಟ್ಟು ಒಡೆಯಬಾರದು ಎಂದು ಹತ್ತನ್ನೂ ತರಬೇಕಿಲ್ಲ. ಹಾಗಂತ ಬರೀ ನರಸಿಂಹನನ್ನು ಕೊಟ್ಟು ಉಳಿದ ಒಂಬತ್ತು ಇಟ್ಟುಕೊಳ್ಳಬೇಡಿ, ಕೊಟ್ಟರೆ ಇಡೀ ಸೆಟ್ಟು ಕೊಡಿ.

ಯಾರಿಗೆ? ಗುಜರಿಗಂತೂ ಬೇಡ. ಹೊಸದಾಗಿ ಕೂರಿಸಲು ಶುರು ಮಾಡಿದವರು ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುತ್ತಾರೆ. ಅವರಿಗೆ ಹಳೇ ಗೊಂಬೆ ಎಂದರೆ ಪ್ರಾಣ. ಚನ್ನಪಟ್ಟಣದ ಆಟಿಕೆಗಳನ್ನು ಹತ್ತಿರದ ಅಂಗನವಾಡಿಯಲ್ಲಿ ಕೇಳಿ ನೋಡಿ. ಆಲೆ ಮರದ ಮೇಲೆ ಅರಗಿನ ಬಣ್ಣ ಹಚ್ಚಿದ್ದು, ಆಡಲಿಕ್ಕೇ ಮಾಡಿದ್ದು. ಆಡಲಿ ಮಕ್ಕಳು. ಬಣ್ಣ ಎದ್ದಿದ್ದರೆ, ಚಕ್ಕೆ ಸೀಳಿದ್ದರೆ ಮಾತ್ರ ಬೇಡ, ಅವು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವು.

ಕಟ್ಟುವಾಗ ಪ್ಲಾಸ್ಟಿಕ್ ಬೇಡ, ಹೇಳಿದೆನಲ್ಲ. ಅಪ್ಪನ ಹಳೇ ಪಂಚೆ, ಅಮ್ಮನ ಹತ್ತಿ ಸೀರೆ ಇದ್ದರೆ ಹರಿದು ಸುತ್ತಿ. ಒಣಗಿದ ಬೇವಿನ ಎಲೆ ಸಾಕು. ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಣ್ಣ ಬಿಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಗಾಳಿಗೆ ಇಡಿ. ದಸರಾ ಇದ್ದದ್ದೇ ಬಹುಶಃ ಅದಕ್ಕೆ, ಯಾರಿಗೆ ಗೊತ್ತು!

ಕೂರಿಸುವುದು ಹೇಗೆ ಎಂದರೆ, ಒಂಬತ್ತು ಮೆಟ್ಟಿಲೇ ಆಗಬೇಕೆಂದಿಲ್ಲ. ಮೂರು ಮೆಟ್ಟಿಲಿನ ಮನೆಗಳಿವೆ. ಮಣೆಯ ಮೇಲೆ ಪಟ್ಟದ ಗೊಂಬೆ ಮಾತ್ರ ಇಟ್ಟು ಆರತಿ ಎತ್ತುವವರಿದ್ದಾರೆ. ಪಾಡ್ಯದಿಂದ ಆಗದಿದ್ದರೆ ಸರಸ್ವತಿ ಪೂಜೆಯಿಂದ ಕೂರಿಸುವವರೂ ಇದ್ದಾರೆ. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿಯೇ ಇದೆ ನಿಜ. ಅರಮನೆಗೆ ಜಾಗದ ತೊಂದರೆ ಇಲ್ಲ. ಮಲ್ಲೇಶ್ವರದ ಒಂದು ಮನೆಯಲ್ಲಿ ಮಕ್ಕಳು ಮೆಟ್ಟಿಲಿನ ಕೆಳಗೆ ರಟ್ಟಿನಲ್ಲಿ ನಮ್ಮ ಮೆಟ್ರೊ ಮಾಡಿದ್ದರು. ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಕಬ್ಬನ್ ಪಾರ್ಕು, ಕನ್ನಡಿ ಇಟ್ಟು ಕೆರೆ. ಅವರ ಅಜ್ಜಿ ಅದರ ಮುಂದೆ ಕೂತು ಚಕ್ಕುಲಿ ಹಂಚುತ್ತಿದ್ದರು. ರಾಗಿ, ಕನ್ನಡಿ ಎರಡೂ ಹಳೇ ಪದ್ಧತಿಯೇ. ಮೆಟ್ರೊ 2011ರಲ್ಲಿ ಓಡಲಿಕ್ಕೆ ಶುರುವಾಯಿತು, ಗೊಂಬೆ ಮನೆಗೂ ಬಂತು.

ನಿಮ್ಮತ್ತೆ ಆಗಲೂ ಒಪ್ಪದಿದ್ದರೆ? ಈ ದಸರಾ ಕೂರಿಸಬೇಡಿ. ರಾಜ-ರಾಣಿಯನ್ನು ಶೋಕೇಸಿನಲ್ಲಿ ಇಡಿ, ಅಷ್ಟು ಸಾಕು. ಅವರು ದಿನಾ ಆ ಕಡೆ ಈ ಕಡೆ ಓಡಾಡುತ್ತಾ ನೋಡುತ್ತಿರಲಿ. ಹಟ ಮಾಡಿ ಮೊದಲ ವರ್ಷವೇ ಕೂರಿಸಿದರೆ ಹಬ್ಬ ಪೂರ್ತಿ ಮುಖ ಸಿಂಡರಿಸಿಕೊಂಡು ಕಳೆಯಬೇಕಾಗುತ್ತದೆ, ಯಾರಿಗೆ ಬೇಕು?

ಒಂದು ಮಾತು ಪಕ್ಕಕ್ಕೆ. ಗೊಂಬೆಯ ಜೊತೆ ಅಮ್ಮನ ಬೆಳ್ಳಿ-ಬಂಗಾರವೂ ಇದ್ದರೆ, ಮನೆ ಅವರ ಹೆಸರಿನಲ್ಲಿದ್ದರೆ, ಅದು ಬೇರೆ ಲೆಕ್ಕ. ವಿಲ್ ಬರೆಯದೆ ಹೋದ ಹಿಂದೂ ತಾಯಿಯ ಸ್ವಂತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎನ್ನುತ್ತದೆ 1956ರ ಕಾನೂನು. ಗೊಂಬೆಯ ದುಃಖದಲ್ಲಿ ಯಾವುದಾದರೂ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ. ವಕೀಲರಿಗೆ ಒಮ್ಮೆ ತೋರಿಸಿ.

ಇಪ್ಪತ್ತು ದಿನ ಇದೆ ಎಂದಿರಿ. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಹಳೇ ಮನೆಗೆ ಹೋಗಿ. ಅಣ್ಣ, ಅತ್ತಿಗೆ ಇರಲಿ. ನಡುಮನೆಯಲ್ಲಿ ಚಾಪೆ ಹಾಸಿ ಟ್ರಂಕು ಬಿಚ್ಚಿ. ಮಗಳ ಕೈಗೆ ಫೋನು ಕೊಟ್ಟು ರೆಕಾರ್ಡ್ ಮಾಡಲು ಹೇಳಿ. ಒಂದೊಂದು ಗೊಂಬೆ ಎತ್ತಿದಾಗ ಅಣ್ಣ ಏನು ಹೇಳುತ್ತಾನೆ ಕೇಳಿ. ನಿಮಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುತ್ತದೆ, ಇಬ್ಬರ ನೆನಪೂ ಹೊಂದದೆ ಜಗಳವೂ ಆಗುತ್ತದೆ. ಆಗಲಿ, ರೆಕಾರ್ಡ್ ಆಗುತ್ತಿರಲಿ. ರಾಣಿಯನ್ನು ಮಾತ್ರ ನೀವೇ ಎತ್ತಿಕೊಳ್ಳಿ. ತೋಳು ಮೇಲಕ್ಕೆ ಸರಿಸಿ ಮಗಳಿಗೆ ತೋರಿಸಿ, ಹೇಗೆ ಮುರಿಯಿತು ಅಂತ ಹೇಳಿ. ಅವಳಿಗೆ ಈವರೆಗೆ ಹೇಳಿಲ್ಲ ಅನಿಸುತ್ತದೆ.

ಇನ್ನೊಂದು. ನಲವತ್ತು ವರ್ಷ ಹೊಲಿದ ರವಿಕೆಗಳನ್ನು ಅಮ್ಮ ಎಸೆದಿರಲಿಕ್ಕಿಲ್ಲ. ಎಲ್ಲೋ ಒಂದು ಬಿಸ್ಕತ್ ಡಬ್ಬಿಯಲ್ಲೋ ಹಳೇ ದಿಂಬಿನ ಚೀಲದಲ್ಲೋ ಇರುತ್ತವೆ. ಗುಜರಿಯವರು ಬರುವ ಮೊದಲು ಮೂರೂ ಟ್ರಂಕುಗಳ ತಳದವರೆಗೆ ಕೈ ಹಾಕಿ ನೋಡಿ.