ಎರಡಡಿ ಅಕ್ವೇರಿಯಂಗೆ ಯಾವ ಮೀನು, ಎಷ್ಟು ಮೀನು?

ಪ್ರಶ್ನೆ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ತಂದೆವು. ಮಾರನೆಯ ದಿನವೇ ಎರಡು ಗೋಲ್ಡ್ ಫಿಶ್, ನಾಲ್ಕು ಟೈಗರ್ ಬಾರ್ಬ್, ಎರಡು ಏಂಜೆಲ್, ಒಂದು ಫೈಟರ್, ಗಾಜು ಕ್ಲೀನ್ ಮಾಡುತ್ತದೆ ಎಂದು ಒಂದು ಸಕ್ಕರ್ ತಂದು ಬಿಟ್ಟೆವು. ನಾಲ್ಕನೇ ದಿನ ನೀರು ಹಾಲು ಬೆರೆತಂತೆ ಬೆಳ್ಳಗಾಯಿತು. ಎಲ್ಲ ನೀರು ಚೆಲ್ಲಿ, ಜಲ್ಲಿ, ಫಿಲ್ಟರ್ ಎಲ್ಲವನ್ನೂ ತಿಕ್ಕಿ ತೊಳೆದೆವು. ಆದರೂ ಎಂಟು ದಿನದಲ್ಲಿ ಐದು ಮೀನು ಸತ್ತವು. ಉಳಿದಿರುವುದು ಒಂದು ಗೋಲ್ಡ್ ಫಿಶ್, ಎರಡು ಬಾರ್ಬ್, ಒಂದು ಏಂಜೆಲ್, ಸಕ್ಕರ್. ಏಂಜೆಲ್‌ನ ಉದ್ದನೆಯ ಎಳೆಗಳು ತುಂಡಾಗಿವೆ. ನಮ್ಮದು ಬೋರ್‌ವೆಲ್ ನೀರು. ಮುಂದೆ ಯಾವ ಮೀನು ತರುವುದು?
(ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ತೊಟ್ಟಿಯಲ್ಲಿ ಎರಡು ತೊಂದರೆಗಳು ಒಟ್ಟಿಗೇ ಬಂದಿವೆ. ಮೀನು ಸತ್ತದ್ದು ಬಹುಮಟ್ಟಿಗೆ ನೀರಿನಿಂದ, ಏಂಜೆಲ್‌ನ ಎಳೆ ತುಂಡಾದದ್ದು ಜೊತೆಗಿದ್ದ ಮೀನುಗಳಿಂದ. ನೀರಿನ ವಿಷಯ ಮೊದಲು ನೋಡೋಣ. ಅದು ಸರಿಹೋಗದೆ ಎಂಥ ಮೀನು ತಂದರೂ ಉಳಿಯುವುದಿಲ್ಲ.

ಮೀನಿನ ಕಿವಿರಿನಿಂದಲೂ, ಹಿಕ್ಕೆಯಿಂದಲೂ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಕಡಿಮೆ ಪ್ರಮಾಣದಲ್ಲಿದ್ದರೆ ಮೀನು ತಾಳಿಕೊಳ್ಳುತ್ತದೆ, ವಾರವಾರ ಸ್ವಲ್ಪ ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಾಂಜಿನಲ್ಲಿ, ಜಲ್ಲಿಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಮಾರನೆಯ ದಿನವೇ ಹತ್ತು ಮೀನು ಬಿಟ್ಟಿರಿ. ನೀರು ಬೆಳ್ಳಗಾದದ್ದು ಆ ಹೊಲಸನ್ನು ತಿಂದು ಒಮ್ಮೆಲೇ ಹೆಚ್ಚಿದ ಬೇರೆ ಬಗೆಯ ಬ್ಯಾಕ್ಟೀರಿಯಾಗಳಿಂದ. ಮುಟ್ಟದೆ ಬಿಟ್ಟಿದ್ದರೆ ಆ ಬಿಳುಪು ತಾನೇ ತಿಳಿಯಾಗುತ್ತಿತ್ತು. ಎಲ್ಲವನ್ನೂ ತಿಕ್ಕಿ ತೊಳೆದಾಗ ಆಗತಾನೇ ನೆಲೆಯೂರುತ್ತಿದ್ದ ಬೇಕಾದ ಬ್ಯಾಕ್ಟೀರಿಯಾ ಕೂಡ ಚರಂಡಿ ಸೇರಿತು.

ಬೋರ್‌ವೆಲ್ ನೀರಿನಲ್ಲಿ ಇನ್ನೊಂದು ಅಪಾಯವಿದೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂಬುದರ ಅಳತೆ) 7 ಇರುವಾಗ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ವಿಷವಾಗುವ ಭಾಗ ಶೇ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಸುಮಾರು ಹತ್ತು ಪಟ್ಟಾಗುತ್ತದೆ. ನಮ್ಮ ಒಳನಾಡಿನ ಬೋರ್‌ವೆಲ್ ನೀರಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 8ರ ಆಸುಪಾಸು. ಪಿಎಚ್ 7ರ ನೀರಿನಲ್ಲಿ ಹೇಗೋ ನಿಭಾಯಿಸಿಕೊಂಡು ಹೋಗುವಷ್ಟು ಅಮೋನಿಯಾ ನಿಮ್ಮಲ್ಲಿ ಮೀನನ್ನು ಕೊಲ್ಲುತ್ತದೆ. ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುವುದು, ಕಿವಿರು ಕೆಂಪೇರುವುದು ಇದರ ಗುರುತು.

ಈಗ ಉಳಿದಿರುವ ಐದು ಮೀನಿಗೆ ದಿನಾ ಕಾಲುಭಾಗ ನೀರು ಬದಲಿಸಿ. ಬೋರ್‌ವೆಲ್ ನೀರನ್ನು ನೇರವಾಗಿ ಸುರಿಯಬೇಡಿ. ನೆಲದೊಳಗಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಒಂದು ರಾತ್ರಿ ಬಾಯಗಲದ ಬಕೆಟ್‌ನಲ್ಲಿಟ್ಟು ಬಳಸಿ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲೆ ಬರೆದ ಅಳತೆಯಷ್ಟು ಹಾಕಿ. ಆಹಾರ ದಿನ ಬಿಟ್ಟು ದಿನ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಸ್ಪಾಂಜ್ ಕಪ್ಪಾದರೆ ತೊಟ್ಟಿಯಿಂದಲೇ ತೆಗೆದ ಒಂದು ಮಗ್ ನೀರಿನಲ್ಲಿ ಹಿಂಡಿ. ನಲ್ಲಿಯ ಕೆಳಗೆ ಹಿಡಿಯಬೇಡಿ.

ಇನ್ನು ಜೊತೆಯ ಮಾತು. ನಿಮ್ಮ ತೊಟ್ಟಿ ಲೆಕ್ಕದಲ್ಲಿ 56 ಲೀಟರ್. ಜಲ್ಲಿ ಹಾಕಿ, ಮೇಲೆ ಒಂದೆರಡು ಅಂಗುಲ ಬಿಟ್ಟರೆ ಉಳಿಯುವ ನೀರು ಸುಮಾರು 45 ಲೀಟರ್. ಅಂಗಡಿಯಲ್ಲಿ ನೀವು ಕಂಡದ್ದೆಲ್ಲ ಮರಿಗಳು. ಗೋಲ್ಡ್ ಫಿಶ್ ಗುಂಡು ಜಾತಿಯದಾದರೆ 15 ಸೆಂ.ಮೀ. ಮುಟ್ಟುತ್ತದೆ, ಒಂಟಿ ಬಾಲದ್ದು 20 ಸೆಂ.ಮೀ. ದಾಟುತ್ತದೆ. ಅದು ತಂಪು ನೀರಿನ ಮೀನು, ತಿನ್ನುವುದು ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಏಂಜೆಲ್ ಬೆಳೆದಾಗ ರೆಕ್ಕೆ ಸೇರಿ 20 ಸೆಂ.ಮೀ.ಗೂ ಹೆಚ್ಚು ಎತ್ತರ ಬರುತ್ತದೆ. ಒಂದಡಿ ತೊಟ್ಟಿಯಲ್ಲಿ ಜಲ್ಲಿಯ ಮೇಲೆ ಉಳಿಯುವ ಎತ್ತರವೇ ಅಷ್ಟು. ಗಾಜು ನೆಕ್ಕುವ ಸಾಮಾನ್ಯ ಸಕ್ಕರ್ ಒಂದಡಿಗಿಂತಲೂ ಉದ್ದ ಬೆಳೆಯುತ್ತದೆ. ಅದು ಬೇರೆ ಮೀನಿನ ಹಿಕ್ಕೆ ತಿನ್ನುವುದಿಲ್ಲ. ಎಳೆಯದಿದ್ದಾಗ ಪಾಚಿ ನೆಕ್ಕುತ್ತದೆ, ಆಮೇಲೆ ತೊಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಕ್ಕೆ ಹಾಕುವುದು ಅದೇ. ಟೈಗರ್ ಬಾರ್ಬ್ ಗುಂಪಿನ ಮೀನು. ಎಂಟಕ್ಕಿಂತ ಕಡಿಮೆ ಇದ್ದರೆ ತಮ್ಮೊಳಗಿನ ಜಗಳವನ್ನು ಪಕ್ಕದವರ ಮೇಲೆ ತೀರಿಸುತ್ತವೆ. ನಿಧಾನವಾಗಿ ಈಜುವ, ಜೋಲು ರೆಕ್ಕೆಯ ಏಂಜೆಲ್, ಫೈಟರ್, ಗಪ್ಪಿಗಳು ಅವಕ್ಕೆ ಕಚ್ಚಿ ಎಳೆಯುವ ದಾರದಂತೆ.

ಹಾಗಾಗಿ ಈ ಐದನ್ನೂ ಅಂಗಡಿಗೆ ಹಿಂದಿರುಗಿಸುವುದೇ ಅವಕ್ಕೆ ನೀವು ಮಾಡುವ ಉಪಕಾರ. ದುಡ್ಡು ಸಿಗದಿದ್ದರೂ ಪರವಾಗಿಲ್ಲ, ಕೊಟ್ಟುಬಿಡಿ. ಬಾರ್ಬ್ ಮೇಲೆ ಆಸೆಯಿದ್ದರೆ ಮುಂದೆ ಮೂರಡಿ ತೊಟ್ಟಿಯಲ್ಲಿ ಎಂಟು ಹತ್ತು ಬಾರ್ಬ್‌ಗಳನ್ನೇ ಸಾಕಿ.

ಆಮೇಲೆ ತೊಟ್ಟಿಯನ್ನು ಮೀನಿಲ್ಲದೆ ನಡೆಸಿ. ಗಂಟೆಗೆ 200ರಿಂದ 300 ಲೀಟರ್ ಹರಿಸುವ ಸಣ್ಣ ಪವರ್ ಫಿಲ್ಟರ್, ಇಲ್ಲವೇ ಏರ್ ಪಂಪ್‌ಗೆ ಜೋಡಿಸಿದ ಸ್ಪಾಂಜ್ ಫಿಲ್ಟರ್ ಸಾಕು. ಕರೆಂಟ್ ಹೋಗುವ ಊರಲ್ಲಿ ಸ್ಪಾಂಜ್ ಫಿಲ್ಟರೇ ಒಳ್ಳೆಯದು, ಬ್ಯಾಟರಿ ಏರ್ ಪಂಪ್‌ನಲ್ಲೂ ನಡೆಯುತ್ತದೆ. ಹಗಲು ರಾತ್ರಿ ಆರಿಸಬೇಡಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ, ಆ ಅಮೋನಿಯಾದಿಂದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವರ್ಷಗಟ್ಟಲೆ ಚೆನ್ನಾಗಿ ನಡೆದ ತೊಟ್ಟಿಯ ಸ್ಪಾಂಜನ್ನು ನಿಮ್ಮ ತೊಟ್ಟಿಯ ನೀರಿನಲ್ಲಿ ಯಾರಾದರೂ ಹಿಂಡಿ ಕೊಟ್ಟರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ದ್ರವದ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಂಡ ದಿನ ತೊಟ್ಟಿ ಸಿದ್ಧ.

ನಿಮ್ಮ ನೀರು ಗಡಸು. ಸೋಪಿಗೆ ನೊರೆ ಬಾರದ, ಬಕೆಟ್ ಅಂಚಿಗೆ, ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುವ ನೀರನ್ನು ಇಷ್ಟಪಡುವ ಮೀನುಗಳೂ ಇವೆ: ಗಪ್ಪಿ, ಪ್ಲಾಟಿ. ಆರು ಗಂಡು ಗಪ್ಪಿ, ಇಲ್ಲವೇ ಎರಡು ಗಂಡು ಮೂರು ಹೆಣ್ಣು ಪ್ಲಾಟಿ ತನ್ನಿ. ಎರಡರಲ್ಲಿ ಒಂದೇ ಸಾಕು. ಹೆಣ್ಣಿದ್ದರೆ ಮರಿ ಆಗುವುದು ಖಂಡಿತ, ಬೇಡವೆಂದರೆ ಗಪ್ಪಿಯಂತೆ ಪ್ಲಾಟಿಯಲ್ಲೂ ಗಂಡುಗಳನ್ನಷ್ಟೇ ತನ್ನಿ. ತಳಕ್ಕೆ ಐದು ಬ್ರಾಂಜ್ ಕೋರಿಡೋರಸ್ ಬಿಡಿ. ಅವು ಮೀಸೆಯಿಂದ ತಳ ತಡಕಿ ತಿನ್ನುತ್ತವೆ, ಚೂಪು ಜಲ್ಲಿ ಇದ್ದರೆ ಮೀಸೆ ಸವೆಯುತ್ತದೆ. ಆದ್ದರಿಂದ ತೊಳೆದ ನಯವಾದ ಮರಳು ಹಾಕಿ. ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆ ಒಂದು ಹಾಕಿ, ಮೇಲಿನ ಮೀನು ಉಳಿಸಿದ್ದರಲ್ಲಿ ಅವು ಬದುಕಲಾರವು. ಮೋಲಿ ಗಡಸು ನೀರಿನದೇ, ಆದರೆ 10 ಸೆಂ.ಮೀ.ವರೆಗೆ ಬೆಳೆಯುತ್ತದೆ, ಈ ತೊಟ್ಟಿಗೆ ದೊಡ್ಡದು.

ಮೊದಲು ಗಪ್ಪಿ ಮೂರು, ಹತ್ತು ಹನ್ನೆರಡು ದಿನ ಬಿಟ್ಟು ಇನ್ನು ಮೂರು, ಕೊನೆಗೆ ಕೋರಿಡೋರಸ್ ಐದೂ ಒಟ್ಟಿಗೆ. ಚೀಲವನ್ನು 15 ನಿಮಿಷ ತೊಟ್ಟಿಯಲ್ಲಿ ತೇಲಿಸಿ. ಬಾಯಿ ಬಿಚ್ಚಿ ಐದೈದು ನಿಮಿಷಕ್ಕೊಮ್ಮೆ ಅರ್ಧ ಲೋಟ ತೊಟ್ಟಿ ನೀರು ಸೇರಿಸುತ್ತ ಅರ್ಧ ಗಂಟೆ ಕಳೆಯಿರಿ. ಆಮೇಲೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಿ, ಅಂಗಡಿಯ ನೀರು ತೊಟ್ಟಿಗೆ ಬೇಡ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಮೂರು ಸಲ ನಿಯಾನ್ ಟೆಟ್ರಾ ತಂದೆವು, ಮೂರು ಸಲವೂ ಸತ್ತವು. ಕುಡಿಯುವ ಆರ್‌ಒ ನೀರನ್ನೇ ತುಂಬಿದರೆ ಬದುಕುತ್ತವೆಯೇ?
(ಬೆಂಗಳೂರಿನ ಓದುಗರು)

ಉತ್ತರ: ಬರೀ ಆರ್‌ಒ ನೀರು ಬೇಡ. ಅದರಲ್ಲಿ ಖನಿಜಗಳು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತ ಆಮ್ಲ ಹುಟ್ಟಿಸುತ್ತದೆ. ಅದನ್ನು ತಡೆದುಕೊಳ್ಳುವ ಬೈಕಾರ್ಬನೇಟ್ ನೀರಿನಲ್ಲಿ ಇಲ್ಲದಿದ್ದರೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಮೊದಲ ವಾರ ಚೆನ್ನಾಗಿ ಕಂಡ ತೊಟ್ಟಿಯಲ್ಲಿ ಮೀನು ಕಾರಣವಿಲ್ಲದೆ ಸತ್ತಂತೆ ಕಾಣುವುದು ಇದರಿಂದ.

ಬೆರೆಸಿ ಬಳಸಬಹುದು. ಆರ್‌ಒ ರಿಪೇರಿಗೆ ಬರುವವರ ಬಳಿ ಇರುವಂಥ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಒಂದು ಕೊಳ್ಳಿ. ಬೋರ್‌ವೆಲ್ ನೀರು 800 ತೋರಿಸಿ, ಆರ್‌ಒ ನೀರು 40 ತೋರಿಸಿದರೆ, ಒಂದು ಬಿಂದಿಗೆ ಬೋರ್‌ವೆಲ್ ನೀರಿಗೆ ಮೂರು ಬಿಂದಿಗೆ ಆರ್‌ಒ ಸೇರಿಸಿದಾಗ 230 ಬರುತ್ತದೆ. ಈಗ ಮಾರಾಟಕ್ಕಿರುವ ನಿಯಾನ್‌ಗಳು ಹೆಚ್ಚಾಗಿ ಸಾಕಣೆಯವು, ಅವು 100ರಿಂದ 250ರವರೆಗೆ ಹೊಂದಿಕೊಳ್ಳುತ್ತವೆ. ಮುಖ್ಯವಾದದ್ದು ಪ್ರತಿ ಸಲವೂ ಅದೇ ಅಳತೆಯಲ್ಲಿ ಬೆರೆಸುವುದು. ಟ್ಯಾಂಕರ್ ನೀರು ಬಂದಾಗಲೆಲ್ಲ ಮೀಟರ್ ಇಟ್ಟು ನೋಡಿ, ಅಳತೆ ಬದಲಿಸಿಕೊಳ್ಳಿ. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರು ಬೋರ್‌ವೆಲ್‌ಗಿಂತಲೂ ಗಡಸು, ಅದು ತೊಟ್ಟಿಗೆ ಸಲ್ಲದು. ಅಪಾರ್ಟ್‌ಮೆಂಟಿನಲ್ಲಿ ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಇದ್ದರೆ ಆ ನೀರು ಮುಟ್ಟಿದರೆ ಮೆದು ಅನ್ನಿಸುತ್ತದೆ, ಆದರೆ ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಮೀಟರ್ ಆಗಲೂ ಹೆಚ್ಚೇ ತೋರಿಸುತ್ತದೆ. ಅದಕ್ಕಿಂತ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರೇ ಬೆರೆಸಲು ಒಳ್ಳೆಯದು.

ನೀರೊಂದೇ ಕಾರಣವಿರಲಾರದು. ನಿಯಾನ್ ಹೊಸ ತೊಟ್ಟಿಗೆ ಮೊದಲು ಬಿಡುವ ಮೀನಲ್ಲ. ಎರಡು ಮೂರು ತಿಂಗಳು ನಡೆದ ತೊಟ್ಟಿಗೆ ಎಂಟು ಹತ್ತನ್ನು ಒಟ್ಟಿಗೆ ಬಿಡಬೇಕು, ಎರಡು ಮೂರೇ ಇದ್ದರೆ ಹೆದರಿ ಮೂಲೆ ಸೇರುತ್ತವೆ. ಅಂಗಡಿಯಲ್ಲಿ ಆ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ, ನೀಲಿ ಗೆರೆ ಮಾಸಿದ್ದರೂ, ಹೊಟ್ಟೆ ಒಳಕ್ಕೆ ಹೋಗಿದ್ದರೂ ಅವತ್ತು ಕೊಳ್ಳಬೇಡಿ. ಬೆಂಗಳೂರಿನ ಚಳಿಗಾಲದ ರಾತ್ರಿಗೆ 50 ವ್ಯಾಟ್ ಹೀಟರನ್ನು 25 ಡಿಗ್ರಿಗೆ ಇಟ್ಟುಕೊಳ್ಳಿ.

ಇಷ್ಟು ಬೆರೆಸುವ ಕೆಲಸ ವಾರವಾರ ಆಗದು ಎನ್ನುವವರು ನೀರಿಗೆ ತಕ್ಕ ಮೀನು ಹುಡುಕಿ. ನಮ್ಮ ಸಲಹೆ ಎಂಟು ಜೀಬ್ರಾ ಡೇನಿಯೊ. ಭಾರತದ್ದೇ ಮೀನು, 18ರಿಂದ 25 ಡಿಗ್ರಿವರೆಗೆ ಆರಾಮ, ಹೀಟರ್ ಬೇಕಿಲ್ಲ, ಗಡಸು ನೀರನ್ನೂ ತಾಳುತ್ತದೆ. ಸದಾ ಉದ್ದಕ್ಕೆ ಓಡಾಡುವ ಮೀನು, ಎರಡಡಿಗಿಂತ ಚಿಕ್ಕ ತೊಟ್ಟಿಯಲ್ಲಿ ಬೇಡ. ಹಾರುತ್ತದೆ, ಮುಚ್ಚಳ ಇರಲಿ.

ಪ್ರಶ್ನೆ: ಮೂರು ಗಪ್ಪಿ ತಂದಿದ್ದೆವು, ಈಗ ಅರವತ್ತಾಗಿವೆ. ಹತ್ತಿರದ ಕೆರೆಗೆ ಬಿಡಬಹುದೇ?
(ಮೈಸೂರಿನ ಓದುಗರು)

ಉತ್ತರ: ದಯವಿಟ್ಟು ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ ಮೀನು, ಕೆರೆಯಲ್ಲಿ ಬದುಕಿ ಅಲ್ಲಿನ ಸಣ್ಣ ಮೀನುಗಳ ಆಹಾರ, ಜಾಗ ಕಸಿಯುತ್ತದೆ. ಸಕ್ಕರ್ ಮೀನನ್ನು ಹೀಗೇ ಬಿಟ್ಟದ್ದರಿಂದ ಇವತ್ತು ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಮೀನುಗಾರರ ಬಲೆಗೆ ಅದೇ ಸಿಗುತ್ತಿದೆ. ಅಂಗಡಿಗೆ ಕೊಡಿ, ಪರಿಚಯದವರಿಗೆ ಕೊಡಿ.

ತೊಟ್ಟಿಯಲ್ಲಿ ಹೆಚ್ಚದಂತೆ ಮಾಡಲು ಗಂಡು ಹೆಣ್ಣು ಬೇರೆ ಮಾಡಿ. ಹೊಟ್ಟೆಯ ಕೆಳಗಿನ ರೆಕ್ಕೆ ಬೀಸಣಿಗೆಯಂತೆ ಅಗಲವಿದ್ದರೆ ಹೆಣ್ಣು, ಕಡ್ಡಿಯಂತೆ ಚೂಪಾಗಿದ್ದರೆ ಗಂಡು. ಮರಿಗಳಲ್ಲಿ ಒಂದು ತಿಂಗಳೊಳಗೆ ಈ ವ್ಯತ್ಯಾಸ ಕಾಣತೊಡಗುತ್ತದೆ, ಆಗಲೇ ಬೇರ್ಪಡಿಸಿ. ಒಮ್ಮೆ ಕೂಡಿದ ಹೆಣ್ಣು ಗಂಡಿನ ಬೀಜವನ್ನು ಒಳಗೇ ಉಳಿಸಿಕೊಂಡು ತಿಂಗಳಿಗೊಮ್ಮೆಯಂತೆ ಹಲವು ಸಲ ಮರಿ ಹಾಕುತ್ತದೆ. ಬೇರೆ ಮಾಡಿದ ಮೇಲೂ ಮರಿ ಬಂದರೆ ತಪ್ಪೆಣಿಸಿದೆವೆಂದು ಗಾಬರಿಯಾಗಬೇಡಿ. ಗಂಡು ಹೆಣ್ಣು ಒಟ್ಟಿಗೇ ಬೇಕೆಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಗಂಡು ಹೆಚ್ಚಾದರೆ ಹೆಣ್ಣನ್ನು ಬೆನ್ನಟ್ಟಿ ಬೆನ್ನಟ್ಟಿ ಸೋಲಿಸುತ್ತವೆ.

ಪ್ರಶ್ನೆ: ಬಟ್ಟಲಿನಲ್ಲಿರುವ ಫೈಟರ್‌ಗೆ ಜೊತೆ ಬೇಡವೇ?
(ಮಂಗಳೂರಿನ ಓದುಗರು)

ಉತ್ತರ: ಗಂಡು ಫೈಟರ್‌ಗೆ ಜೊತೆ ಬೇಡ, ಜಾಗ ಬೇಕು. ಅದಕ್ಕೆ ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಅಂಗವಿದೆ. ಹಾಗಾಗಿ ಬಟ್ಟಲಿನಲ್ಲಿ ತಕ್ಷಣ ಸಾಯುವುದಿಲ್ಲ, ಆದರೆ ಅಮೋನಿಯಾ ಅದರ ಕಿವಿರನ್ನೂ ಸುಡುತ್ತದೆ. 20 ಲೀಟರ್ ತೊಟ್ಟಿ, ನಿಧಾನ ಗಾಳಿಯ ಸ್ಪಾಂಜ್ ಫಿಲ್ಟರ್, ಮುಚ್ಚಳ, ಮುಚ್ಚಳಕ್ಕೂ ನೀರಿಗೂ ನಡುವೆ ಒಂದೆರಡು ಅಂಗುಲ ಗಾಳಿ. ನಿಮ್ಮ ಕರಾವಳಿಯಲ್ಲಿ ಹೀಟರ್ ಬೇಕಿಲ್ಲ. ಎರಡಡಿ ತೊಟ್ಟಿಯಾದರೆ ತಳದಲ್ಲಿ ಐದಾರು ಕೋರಿಡೋರಸ್ ಇರಬಹುದು. ಗಪ್ಪಿ ಬೇಡ, ಅದರ ಬಣ್ಣದ ಬಾಲವನ್ನು ಇನ್ನೊಂದು ಫೈಟರ್ ಎಂದೇ ತಿಳಿದು ಮೈಮೇಲೆ ಬೀಳುತ್ತದೆ. ಹೆಣ್ಣು ಫೈಟರ್ ಕೂಡ ಬೇಡ.

ಪ್ರಶ್ನೆ: ಮಿಸ್ ಕೇರಳ ಎಂಬ ಕೆಂಪು ಗೆರೆಯ ಮೀನು, ಜೊತೆಗೆ ಎರಡು ಸಣ್ಣ ಶಾರ್ಕ್, ನಮ್ಮ ಎರಡಡಿ ತೊಟ್ಟಿಗೆ ಆದೀತೇ?
(ಶಿವಮೊಗ್ಗದ ಓದುಗರು)

ಉತ್ತರ: ಆಗದು. ಮಿಸ್ ಕೇರಳ, ಅಂದರೆ ಡೆನಿಸನ್ ಬಾರ್ಬ್, ಪಶ್ಚಿಮ ಘಟ್ಟದ ತೊರೆಗಳ ಮೀನು. ಹರಿಯುವ, ಆಮ್ಲಜನಕ ತುಂಬಿದ ನೀರಿನಲ್ಲಿ ಗುಂಪಾಗಿ ಬೆಳೆಯುವಂಥದು, 15 ಸೆಂ.ಮೀ.ವರೆಗೆ ಬರುತ್ತದೆ. ನಾಲ್ಕಡಿ ತೊಟ್ಟಿ, ಜೋರಾದ ಫಿಲ್ಟರ್, ಕನಿಷ್ಠ ಆರು ಮೀನು ಬೇಕು. ಕಾಡಿನಲ್ಲಿ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ತೊರೆಯಿಂದ ಹಿಡಿದು ತಂದದ್ದನ್ನು ಕೊಳ್ಳಬೇಡಿ. ಅಂಗಡಿಯ ಶಾರ್ಕ್‌ಗಳು ಶಾರ್ಕ್ ಅಲ್ಲ. ಬಾಲಾ ಶಾರ್ಕ್ ಒಂದಡಿ ಮೀರುತ್ತದೆ. ಬೆಳ್ಳಿ ಮೈಯ ಇನ್ನೊಂದು, ಊಟಕ್ಕೆ ಸಾಕುವ ಪಂಗಾಸಿಯಸ್, ಒಂದು ಮೀಟರ್ ದಾಟಬಲ್ಲದು. ಕೆಂಪು ಬಾಲದ ಕಪ್ಪು ಶಾರ್ಕ್ 15 ಸೆಂ.ಮೀ.ನಲ್ಲೇ ನಿಲ್ಲುತ್ತದೆ, ಆದರೆ ತನ್ನ ಜಾಗವೆಂದು ಗುರುತಿಸಿದ ಕಡೆ ಯಾರನ್ನೂ ಸುಳಿಯಗೊಡುವುದಿಲ್ಲ. ಬೆಳೆದಾಗ ಎಷ್ಟುದ್ದ ಬರುತ್ತದೆ ಎಂದು ಅಂಗಡಿಯಲ್ಲಿ ಕೇಳಿ, ಉತ್ತರ ಸಿಗದ ಮೀನನ್ನು ಅಲ್ಲೇ ಬಿಟ್ಟು ಬನ್ನಿ.