ಓದುಗರ ಪ್ರಶ್ನೆಗೆ ಉತ್ತರ: ಲೇತ್‌ನಲ್ಲಿ ತೆಗೆದ ಗಾಲಿಗಳ ವ್ಯಾಸ ಹೊಂದಿಸುವುದು

ಪ್ರಶ್ನೆ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ತೊಗರಿಬೇಳೆ ಮಿಲ್ಲೊಂದರ ಗೋದಾಮಿನಲ್ಲಿ ಹಳಿಯ ಮೇಲೆ ಓಡುವ ಟ್ರಾಲಿಗೆ 200 ಮಿ.ಮೀ. ವ್ಯಾಸದ ನಾಲ್ಕು ಬೀಡುಕಬ್ಬಿಣದ ಗಾಲಿಗಳನ್ನು, ಉರುಳುವ ಮೇಲ್ಮೈಗೆ 20ಕ್ಕೆ 1ರ ಇಳಿಜಾರು ಕೊಟ್ಟು ಲೇತ್‌ನಲ್ಲಿ ತೆಗೆದು, ಎರಡೆರಡನ್ನು ಒಂದೊಂದು ಆಕ್ಸಲ್‌ಗೆ ಕೀ ಹೊಡೆದು ಬಿಗಿದಿದ್ದೇವೆ. ನಾನು ವರ್ನಿಯರ್ (ದವಡೆಗಳ ನಡುವೆ ಹಿಡಿದು ಅಳೆಯುವ ಉಪಕರಣ) ಹಿಡಿದರೆ ಜೋಡಿಗಳು ಸಮವಾಗಿವೆ. ಲೇತ್ ನಡೆಸುವ ನಮ್ಮ ಟರ್ನರ್ ಹಿಡಿದರೆ 0.2 ಮಿ.ಮೀ. ವ್ಯತ್ಯಾಸ ತೋರುತ್ತದೆ. ಫ್ಲ್ಯಾಂಜ್ (ಗಾಲಿ ಹಳಿಯಿಂದ ಜಾರದಂತೆ ತಡೆಯುವ ಎತ್ತರದ ಅಂಚು) ಒಂದೇ ಬದಿಯ ಹಳಿಗೆ ಉಜ್ಜುತ್ತಿದೆ. ಯಾರ ಅಳತೆ ಸರಿ? ಗಾಲಿಗಳನ್ನು ಮತ್ತೆ ಲೇತ್‌ನಲ್ಲಿ ತೆಗೆಯಬೇಕೆ?

ಉತ್ತರ: ಇಬ್ಬರ ಅಳತೆಯೂ ಸರಿಯಿರಬಹುದು, ಏಕೆಂದರೆ ನೀವಿಬ್ಬರೂ ಅಳೆದ ಜಾಗ ಒಂದೇ ಆಗಿರಲಿಕ್ಕಿಲ್ಲ. 20ಕ್ಕೆ 1ರ ಇಳಿಜಾರಿನಲ್ಲಿ ವರ್ನಿಯರ್‌ನ ದವಡೆ ಅಡ್ಡಕ್ಕೆ 1 ಮಿ.ಮೀ. ಸರಿದರೆ ತ್ರಿಜ್ಯದಲ್ಲಿ 0.05, ವ್ಯಾಸದಲ್ಲಿ 0.1 ಮಿ.ಮೀ. ಬದಲಾಗುತ್ತದೆ, ನಿಮ್ಮ 0.2 ಮಿ.ಮೀ. ಜಗಳಕ್ಕೆ 2 ಮಿ.ಮೀ. ಸರಿತವೇ ಸಾಕು. ಆದ್ದರಿಂದ ಪ್ರತಿ ಗಾಲಿಯ ಮೇಲೂ ಫ್ಲ್ಯಾಂಜ್‌ನ ಹಿಂಬದಿಯಿಂದ ಒಂದೇ ದೂರದಲ್ಲಿ, ಗಾಲಿ ತಿರುಗುತ್ತಿರುವಾಗಲೇ ಟೂಲಿನ ಮೊನೆಯಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದು, ದವಡೆಯ ತೆಳುವಾದ ಅಂಚು ಆ ಗೆರೆಯ ಮೇಲೆ ಕೂರುವಂತೆ ಹಿಡಿದು ಅಳೆಯಿರಿ. ದವಡೆಯ ಅಗಲ ಭಾಗವನ್ನು ಒತ್ತಿದರೆ ಅದು ಯಾವಾಗಲೂ ದಪ್ಪನೆಯ ಕಡೆಗೇ ತಾಗುತ್ತದೆ.

ಇನ್ನು ಉಜ್ಜುವಿಕೆಯ ವಿಷಯ. ಒಂದೇ ಆಕ್ಸಲ್‌ನ ಗಾಲಿಗಳಲ್ಲಿ ನಿಜವಾಗಿಯೂ 0.2 ಮಿ.ಮೀ. ವ್ಯತ್ಯಾಸವಿದ್ದರೂ, ಇಳಿಜಾರು ಇರುವುದರಿಂದ, ಜೋಡಿಯು 1 ಮಿ.ಮೀ.ನಷ್ಟು ಬದಿಗೆ ಸರಿದು ಎರಡೂ ಕಡೆಯ ಉರುಳುವ ವ್ಯಾಸವನ್ನು ತಾನೇ ಸಮ ಮಾಡಿಕೊಳ್ಳುತ್ತದೆ. ನಮ್ಮ ರೈಲ್ವೆಯಲ್ಲಿ ಬೋಗಿಯ ಗಾಲಿಗಳನ್ನು ಮರುತಿರುವು ಮಾಡುವಾಗ ಒಂದೇ ಆಕ್ಸಲ್‌ನಲ್ಲಿ 0.5 ಮಿ.ಮೀ.ವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. ಹೀಗಿರುವಾಗ, ಫ್ಲ್ಯಾಂಜ್ ಮತ್ತು ಹಳಿಯ ನಡುವೆ ಸಾಕಷ್ಟು ಸಂದು ಬಿಟ್ಟಿದ್ದರೆ, ನನ್ನ ಅನುಮಾನ ಗಾಲಿಗಳ ಮೇಲಲ್ಲ, ಚೌಕಟ್ಟಿನ ಮೇಲೆ. ಗಾಲಿಗಳನ್ನು ಲೇತ್‌ಗೆ ಏರಿಸುವ ಮೊದಲು ಚೌಕಟ್ಟಿನ ಬೇರಿಂಗ್‌ಗಳ ನಡುವಿನ ಎರಡು ಕರ್ಣಗಳನ್ನು ಟೇಪಿನಿಂದ ಅಳೆದು ನೋಡಿ. ವೆಲ್ಡಿಂಗ್ ಆದ ಮೇಲೆ ಅವು ಸಮನಾಗಿ ಉಳಿಯುವುದು ಅಪರೂಪ.

ಮತ್ತೆ ತೆಗೆಯುವುದೇ ಆದರೆ, ವ್ಯಾಸ ಎಷ್ಟು ಎಂಬುದಕ್ಕಿಂತ ನಾಲ್ಕೂ ಒಂದೇ ಆಗಿರುವುದು ಮುಖ್ಯ. ಚಕ್‌ನಲ್ಲಿ (ಲೇತ್‌ನಲ್ಲಿ ಕೆಲಸದ ತುಂಡನ್ನು ಹಿಡಿಯುವ ಭಾಗ) ಒಂದು ತುಂಡು ಹಿಡಿದು, ಗಾಲಿಯ ಬೋರ್‌ಗೆ, ಅಂದರೆ ನಡುವಿನ ರಂಧ್ರಕ್ಕೆ, ಕೂರುವಂತೆ ಭುಜ (ಮೆಟ್ಟಿಲಿನಂಥ ಅಂಚು) ಬಿಟ್ಟು ತೆಗೆದುಕೊಂಡು, ಕೆಲಸ ಮುಗಿಯುವವರೆಗೆ ಅದನ್ನು ಬಿಚ್ಚಬೇಡಿ. ಪ್ರತಿ ಗಾಲಿಯ ಹಿಂಬದಿಯೂ ಆ ಭುಜಕ್ಕೇ ತಾಗಬೇಕು. ಕಾಂಪೌಂಡ್ ಸ್ಲೈಡನ್ನು (ಟೂಲನ್ನು ಓರೆಯಾಗಿ ಸರಿಸುವ ಭಾಗ) ಸುಮಾರು 2 ಡಿಗ್ರಿ 52 ಮಿನಿಟಿಗೆ ತಿರುಗಿಸಿ, ಲೇತ್‌ನ ಉದ್ದಕ್ಕೆ ಸರಿಯುವ ಸ್ಯಾಡಲ್ ಬಿಗಿದು, ಮೊದಲು ನಾಲ್ಕಕ್ಕೂ ಒರಟು ಕಟ್ ಹಾಕಿ ತಣ್ಣಗಾಗಲು ಬಿಡಿ. ಬಳಿಕ ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಡಯಲನ್ನು ಪ್ರತಿ ಸಲವೂ ಹಿಂದಿನಿಂದ ಮುಂದಕ್ಕೆ ತಿರುಗಿಸುತ್ತಲೇ ಅದೇ ಗೆರೆಗೆ ತಂದು, ಒಂದೇ ಟೂಲಿನಿಂದ ನಾಲ್ಕಕ್ಕೂ ಕೊನೆಯ ಕಟ್ ಹಾಕಿ. ತಣ್ಣಗಾಗಲು ಬಿಡುವುದು ಏಕೆಂದರೆ, ಸುತ್ತಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಿರುವ ನಿಮ್ಮ ಗಾಲಿ ಸುಮಾರು 0.08 ಮಿ.ಮೀ. ಹಿಗ್ಗಿರುತ್ತದೆ. ಕಲಬುರಗಿಯ ಬೇಸಿಗೆಯಿಂದ ಮಾತ್ರ ತೊಂದರೆಯಿಲ್ಲ. ಗಾಲಿಯೂ ವರ್ನಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತವೆ.

ಪ್ರಶ್ನೆ: ಎರಡು ಕಾಲುಗಳ ನಡುವೆ ಡಯಲ್ ಇರುವ ಗೇಜನ್ನು ಗಾಲಿಯ ಮೇಲೆ ಕೂರಿಸಿ, ಟ್ರಾಲಿಯಿಂದ ಬಿಚ್ಚದೆಯೇ ವ್ಯಾಸ ಹೋಲಿಸಬಹುದೆ? (ಹುಮನಾಬಾದ್, ಬೀದರ್ ಜಿಲ್ಲೆ)

ಉತ್ತರ: ಸಣ್ಣ ಗೇಜಿನಿಂದ ಆಗದು. ಕಾಲುಗಳ ಅಂತರ 100 ಮಿ.ಮೀ. ಇದ್ದು ಗಾಲಿ 200 ಮಿ.ಮೀ.ನದಾದರೆ, ವ್ಯಾಸದ 0.1 ಮಿ.ಮೀ. ವ್ಯತ್ಯಾಸಕ್ಕೆ ಡಯಲಿನ ಮುಳ್ಳು 0.008 ಮಿ.ಮೀ.ನಷ್ಟೇ ಅಲುಗುತ್ತದೆ, ಸಾಮಾನ್ಯ ಡಯಲಿನ ಒಂದು ಗೆರೆಯೂ ಅಲ್ಲ. ಅದರ ಬದಲು ತೆಳುವಾದ ಉಕ್ಕಿನ ಟೇಪನ್ನು ಗುರುತಿನ ಗೆರೆಗುಂಟ ಸುತ್ತಿ ಸುತ್ತಳತೆ ತೆಗೆದುಕೊಂಡರೆ ಅದೇ ವ್ಯತ್ಯಾಸ 0.31 ಮಿ.ಮೀ. ಆಗಿ ಕಾಣುತ್ತದೆ. ಟೇಪಿನ ದಪ್ಪ ಎಲ್ಲ ಗಾಲಿಗಳಿಗೂ ಒಂದೇ ಆಗಿರುವುದರಿಂದ ಹೋಲಿಕೆಯಲ್ಲಿ ಅದು ಕಳೆದುಹೋಗುತ್ತದೆ. ಎಳೆಯುವ ಬಿಗಿ ಮಾತ್ರ ಪ್ರತಿ ಸಲವೂ ಒಂದೇ ಇರಲಿ.