ಡಬ್ಬಿಯ ಹುಳ ಏನಾಯಿತು?

ಮಡಗಾಂವಿನ ಲೇಖಕಿಗೆ ನಮಸ್ಕಾರ.

ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ, ಅಂದರೆ ಕುರುವಾಯಿ ದುಂಬಿಯ ಮೇಲೆ ನೀವು ಬರೆದ ‘ತೆಂಗಿನ ಶತ್ರು’ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ.

ಮೊದಲ ಮೂರು ಪುಟ ಯಾರು ಬೇಕಾದರೂ ಬರೆಯಬಹುದು. ‘ಪ್ರಕೃತಿಯ ಮಡಿಲಲ್ಲಿ ಅಸಂಖ್ಯ ವಿಸ್ಮಯಗಳಿವೆ’ ಅಂತ ಶುರು. ಆಮೇಲೆ 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಈ ದುಂಬಿಗೆ ಹೆಸರಿಟ್ಟ ಸಂಗತಿ, ಅದರ ಹಿಂದೆ ಔಷಧಿಗಳ ಪಟ್ಟಿ. ದುಂಬಿ ಬರುವಷ್ಟರಲ್ಲಿ ಓದುಗರು ಚಹಾಕ್ಕೆ ಎದ್ದಿರುತ್ತಾರೆ.

ನಾಲ್ಕನೇ ಪುಟದಲ್ಲಿ ನೀವೇ ಇದ್ದೀರಿ. ಬಾಡಿಗೆ ಮನೆಯ ಹಿತ್ತಲು. ಎರಡು ಮಳೆಗಾಲ ನೆನೆದ ತೆಂಗಿನ ದಿಮ್ಮಿ. ಸರಿಸೋಣ ಅಂತ ಒದ್ದರೆ ಕಾಲು ಒಳಗೇ ಹೋಯಿತು! ಒಳಗೆ ಹೆಬ್ಬೆರಳಿನಷ್ಟು ದಪ್ಪದ, ಮುದುರಿ ಮಲಗಿದ ಹದಿನೇಳು ಗೊಣ್ಣೆಹುಳ, ಅದೇ ದುಂಬಿಯ ಮರಿಗಳು. ಮನೆ ಮಾಲಕಿ ‘ಸುಟ್ಟುಹಾಕಿ’ ಅಂದರು. ನೀವು ಒಂದನ್ನು ಮರದ ಪುಡಿ ಸಮೇತ ಉಪ್ಪಿನಕಾಯಿ ಡಬ್ಬಿಯಲ್ಲಿ ಬಚ್ಚಿಟ್ಟಿರಿ. ಲೇಖನ ಆ ಒದೆಯಿಂದಲೇ ಶುರುವಾಗಲಿ. ಇಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಬೀದಿಗೆ ಮರ ಬಿದ್ದರೆ ಬೇಗ ಕತ್ತರಿಸಿ ಲಾರಿಗೆ ಹೇರುತ್ತಾರೆ. ನಿಧಾನವಾಗಿ ಕೊಳೆಯುವ ಭಾಗ್ಯ ನಮ್ಮ ಮರಗಳಿಗಿಲ್ಲ. ಹಾಗಾಗಿ ನನಗೆ ಆ ದಿಮ್ಮಿ ಇನ್ನೂ ಜಾಸ್ತಿ ಬೇಕು. ವಾಸನೆ ಹೇಗಿತ್ತು? ಮುಟ್ಟಿದರೆ ತಣ್ಣಗಿತ್ತಾ?

ಇನ್ನು ಒಂದು ದೊಡ್ಡ ತಪ್ಪು. ಗೊಣ್ಣೆಹುಳ ತೆಂಗಿನ ಸುಳಿ ತಿನ್ನುತ್ತದೆ ಅಂದಿದ್ದೀರಿ. ಪಾಪ, ಅದು ಹಸಿ ಗರಿಯ ತಂಟೆಗೇ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಕೊಳೆತು ಲಡ್ಡಾದ ಮರ, ತಿಪ್ಪೆ, ಸಗಣಿ ಗೊಬ್ಬರ. ಮರದ ನಾರನ್ನು ಅರಗಿಸಲು ಅದರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳಿವೆ. ಸುಳಿ ಕೊರೆಯುವುದು ರೆಕ್ಕೆ ಬಂದ ದುಂಬಿ. ರಾತ್ರಿ ಹಾರಿಬಂದು ಎಳೆ ಸುಳಿಗೆ ತೂತು ಹಾಕುತ್ತದೆ, ರಸ ಕುಡಿಯುತ್ತದೆ, ಜಗಿದ ನಾರನ್ನು ಹೊರಗೆ ತಳ್ಳುತ್ತದೆ. ಮುಂದೆ ಆ ಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದ ಬೀಸಣಿಗೆಯ ಹಾಗೆ ಕಾಣುತ್ತದೆ. ನಿಮ್ಮ ಎರಡನೇ ಫೋಟೊದಲ್ಲಿರುವುದು ಅದೇ. ನೀವು ಗಾಳಿಗೆ ಹರಿದದ್ದು ಅಂತ ಬರೆದಿದ್ದೀರಿ!

ಹುಳವಾಗಿದ್ದಾಗ ಸತ್ತ ತೆಂಗು, ದುಂಬಿಯಾದ ಮೇಲೆ ಬದುಕಿರುವ ತೆಂಗು. ಎರಡೂ ಊಟ ಒಂದೇ ಹಿತ್ತಲಲ್ಲಿ. ಹಾಗಾಗಿ ಮಾಲಕಿ ಹೇಳಿದ್ದೂ ಸುಳ್ಳಲ್ಲ. ಕೊಳೆತ ದಿಮ್ಮಿ ಅಲ್ಲೇ ಬಿದ್ದಿದ್ದರೆ ಅವರ ಉಳಿದ ಮರಗಳಿಗೆ ಕಾಟ ತಪ್ಪಿದ್ದಲ್ಲ. ನೀವು ಅವರನ್ನು ಕಲ್ಲು ಮನಸ್ಸಿನವರ ಹಾಗೆ ತೋರಿಸಿದ್ದೀರಿ. ಆ ತೆಂಗಿನಕಾಯಿ ಅವರ ಅಡುಗೆಮನೆಗೂ ಬೇಕಲ್ವಾ? ಅವರಿಗೆ ನಾಲ್ಕು ಮಾತು ಕೊಡಿ. ‘ಶತ್ರು’ ಅನ್ನುವ ಶೀರ್ಷಿಕೆ ತೆಗೆಯಿರಿ.

ಕೊಂಬು ಇದ್ದದ್ದೆಲ್ಲ ಗಂಡಲ್ಲ. ಹೆಣ್ಣಿಗೂ ಗಿಡ್ಡ ಕೊಂಬು ಇರುತ್ತದೆ. ಹೊಟ್ಟೆಯ ತುದಿಯಲ್ಲಿ ಕಂದು ಕೂದಲಿನ ಕುಚ್ಚು ಇದ್ದರೆ ಅದು ಹೆಣ್ಣು. ಫೋಟೊದ ಕೆಳಗಿನ ಸಾಲು ತಿದ್ದಿ.

ಕೊನೆಗೆ ಡಬ್ಬಿ. ಮೊಟ್ಟೆ ಒಡೆಯಲು 8ರಿಂದ 12 ದಿನ, ಹುಳವಾಗಿ ತಿಂಗಳುಗಟ್ಟಲೆ, ಕೋಶದಲ್ಲಿ ಮೂರ್ನಾಲ್ಕು ವಾರ. ಲೆಕ್ಕ ಸರಿಯಾಗಿ ಬರೆದಿದ್ದೀರಿ. ಆದರೆ ನೀವು ಹುಳ ಹಿಡಿದದ್ದು ಜೂನ್‌ನಲ್ಲಿ, ಲೇಖನ ಕಳಿಸಿದ್ದು ನವೆಂಬರ್‌ನಲ್ಲಿ. ಈ ಐದು ತಿಂಗಳು ಡಬ್ಬಿಯ ಸುದ್ದಿಯೇ ಇಲ್ಲ! ಕೋಶ ಕಟ್ಟಿತೇ? ಹಸಿರು ಬೂಷ್ಟು ಹಿಡಿದು ಸತ್ತಿತೇ? ಹಾಗೆ ಕೊಲ್ಲುವ ಬೂಷ್ಟನ್ನು ರೈತರು ಬೇಕೆಂದೇ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಅಥವಾ ಒಂದು ರಾತ್ರಿ ಮುಚ್ಚಳ ತಳ್ಳಿ ಟ್ಯೂಬ್‌ಲೈಟಿಗೆ ಡಿಕ್ಕಿ ಹೊಡೆಯಿತೇ? ಏನೂ ಆಗದೆ ನೀವು ಮರೆತೇಬಿಟ್ಟಿದ್ದರೆ ಅದನ್ನೂ ಹಾಗೇ ಬರೆಯಿರಿ.

ಡಿಸೆಂಬರ್ 10ರೊಳಗೆ ಕಳಿಸಿ. 700 ಪದ ಸಾಕು.